ಕೆಂಟನ್ನಿನ ಖಂಡೇ ಪೂಜೆ

ಕಳೆದ ವಾರ ಲಂಡನ್ನಿನ ಕಿಂಗ್ಸ್‌ಬರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಲ್ಬು ಕೊಳ್ಳಲು ನಿಂತಿದ್ದೆ. ಯಾರೋ ಅಗಸೆ ಎಣ್ಣೆಯ ಡಬ್ಬಿಯ ಮುಚ್ಚಳ ತೆರೆದರು. ಆ ವಾಸನೆ ಬಂದರೆ ನಿಮಗೆ ಕ್ರಿಕೆಟ್ ಬ್ಯಾಟು ನೆನಪಾದೀತು. ನನಗೆ ನೆನಪಾದದ್ದು ಕೆಂಟನ್ನಿನಲ್ಲಿ ಕಾಕಾನ ಮನೆಯ ಹಿಂದಿನ ಕೋಣೆ, ಅಲ್ಲಿ ಗೋಡೆಗೊರಗಿ ನಿಂತಿದ್ದ ರೈಫಲ್‌ಗಳು.

ಗಾಬರಿಯಾಗಬೇಡಿ. ನಮ್ಮ ಕಾಕಾ ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ವಿಚಾರಿಸಿ ತಿನ್ನುವವರು. ಅವರ ರೈಫಲ್‌ಗಳೆಲ್ಲ ಎರಡನೇ ಮಹಾಯುದ್ಧದವು. ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕಾದಂಥವು. ಕಾನೂನಿನ ಪ್ರಕಾರ ನಳಿಗೆ ಮುಚ್ಚಿ ಬೆಸುಗೆ ಹಾಕಿದ್ದರಿಂದ ಅವುಗಳಿಂದ ಗುಂಡು ಹಾರುತ್ತಿರಲಿಲ್ಲ. ಕಾಕಾ ಭಾನುವಾರ ಹಳೆಯ ಬನಿಯನ್ನಿನ ತುಂಡಿನಿಂದ ಕಟ್ಟಿಗೆಗೆ ಎಣ್ಣೆ ತಿಕ್ಕುತ್ತಿದ್ದರು.

ಆಗ ನಾನು ಸಟನ್ನಿನ ಶಾಲೆಯ ಚರ್ಚಾ ತಂಡದಲ್ಲಿದ್ದೆ. ತೊಂಬತ್ತರ ದಶಕದ ಕೊನೆ. ಎದುರಿಗೆ ಯಾರೇ ಕೂತರೂ ಅವರನ್ನು ಎದುರು ಪಕ್ಷವೆಂದೇ ತಿಳಿಯುವ ವಯಸ್ಸು. ಟೂಥ್‌ಪೇಸ್ಟ್ ಬೇಕೆ ಎಂದು ಅಮ್ಮ ಕೇಳಿದರೂ ಮೊದಲು ಬೇಕು ಎಂಬುದರ ವ್ಯಾಖ್ಯೆ ಕೇಳುತ್ತಿದ್ದೆ. ಕಾಕಾನನ್ನು ಬಿಡುತ್ತೇನೆಯೇ?

"ಜೀವ ಉಳಿಸೋ ಡಾಕ್ಟರಿಗೆ ಜೀವ ತೆಗೆಯೋ ಸಾಮಾನು ಯಾಕ ಕಾಕಾ?"

"ನಾ ಉಳಸೂದೂ ಇಲ್ಲ, ತೆಗೆಯೂದೂ ಇಲ್ಲವಾ ವಕೀಲರ. ನಾ ಮಲಗಸ್ತೀನಿ. ಇವನ್ನೂ ಮಲಗಿಸಿ ಇಟ್ಟೀನಿ ನೋಡು."



ಕಾಕಾ ಕೂಡಿಸುತ್ತಿದ್ದ ಎನ್‌ಫೀಲ್ಡ್ ರೈಫಲ್ ಹೆಸರಿಗೆ ಲಂಡನ್ನಿನದಾದರೂ ಯುದ್ಧಕಾಲದಲ್ಲಿ ಸಾಮ್ರಾಜ್ಯದ ಎಲ್ಲೆಲ್ಲೋ ತಯಾರಾಗುತ್ತಿತ್ತು. ಕಾಕಾನ ಬಳಿ ಇಂಗ್ಲೆಂಡಿನದಿತ್ತು, ಆಸ್ಟ್ರೇಲಿಯಾದ್ದಿತ್ತು, ಕೆನಡಾದ್ದು ಎರಡಿದ್ದವು. ಇರದಿದ್ದದ್ದು ಬಂಗಾಳದ ಇಶಾಪುರದಲ್ಲಿ ತಯಾರಾದದ್ದು. ಅದಕ್ಕಾಗಿ ಅವರು ಹಳೆಯ ಆಯುಧಗಳ ಮಾರಾಟದ ಮೇಳದಿಂದ ಮೇಳಕ್ಕೆ ಅಲೆಯುತ್ತಿದ್ದರು. "ಎಲ್ಲಾರದೂ ಅದ, ನಮ್ಮದ ಇಲ್ಲಲ್ಲವಾ" ಎನ್ನುತ್ತಿದ್ದರು. ನಮ್ಮದು ಎಂದರೆ ಯಾರದು, ಸೈನ್ಯ ಬ್ರಿಟಿಷರದು, ಯುದ್ಧ ಅವರದು, ಎಂದು ನಾನು ಅಡ್ಡ ಬಾಯಿ ಹಾಕಿದೆ. "ಖರೇ. ಆದ್ರ ಕೆಲಸಾ ಮಾಡಿದ ಕೈ?" ಎಂದು ಕೇಳಿ ಕಾಕಾ ಮತ್ತೆ ಎಣ್ಣೆ ತಿಕ್ಕತೊಡಗಿದರು.

ಕೊನೆಗೊಂದು ಇಶಾಪುರದ ರೈಫಲ್ ಸಿಕ್ಕಿತು, ಡೆನಿಸ್ ಎಂಬ ನಿವೃತ್ತ ಬಡಗಿಯ ಹತ್ತಿರ. ಕಾಕಾನ ಎರಡನೆಯ ಕೆನಡಾ ರೈಫಲ್ ಕೊಟ್ಟರೆ ಅದಲುಬದಲಿಗೆ ಅವರು ಒಪ್ಪಿದ್ದರು. ಬರುವ ದಿನ ಗೊತ್ತಾಯಿತು. ಅದು ವಿಜಯದಶಮಿ ಎಂಬುದು ಡೆನಿಸ್‌ಗೆ ಹೇಗೆ ತಿಳಿಯಬೇಕು?

ಹಿಂದಿನ ದಿನ ಖಂಡೇ ಪೂಜೆ. ನಿಮ್ಮ ಕಡೆ ಆಯುಧ ಪೂಜೆ ಎನ್ನುತ್ತೀರಿ. ಕಾಕಾ ಡ್ಯೂಟಿಯಲ್ಲಿದ್ದರು. ರೈಫಲ್ ಎಂದರೆ ಮೂಗು ಮುರಿಯುತ್ತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ಅಂದು ಎಲ್ಲಕ್ಕೂ ಭಕ್ತಿಯಿಂದ ಅರಿಶಿನ ಕಲಸಿ ಹಚ್ಚಿ, ಮೇಲೆ ಕುಂಕುಮವಿಟ್ಟು, ಚೆಂಡುಹೂವು ಏರಿಸಿಬಿಟ್ಟಿದ್ದರು. ಅಗಸೆ ಎಣ್ಣೆ ಕುಡಿದ ಹಳೆಯ ಕಟ್ಟಿಗೆ ಅರಿಶಿನವನ್ನೂ ಕುಡಿದಿತ್ತು.

"ಏನ್ ಮಾಡಿದಿ ಇದು?" ಕಾಕಾ ತಲೆ ಹಿಡಿದುಕೊಂಡರು.

"ಮನ್ಯಾಗ ಆಯುಧ ಇಟ್ಕೊಂಡಮ್ಯಾಲೆ ಹಂಗ ಬಿಡ್ಲಿಕ್ಕೆ ಬರ್ತದೇನ್ರೀ? ಮಿಕ್ಸರಿಗೂ ಹಚ್ಚೀನಿ, ಅದೇನ್ ಅಳ್ಲಿಕ್ಕತ್ತದ?"

ಡೆನಿಸ್ ಬಂದರು. ತಮ್ಮ ರೈಫಲನ್ನು ಕಂಬಳಿಯ ಮೇಲೆ ಮಲಗಿಸಿ, ಕೆನಡಾದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅನುಮಾನದಿಂದ ತಲೆಯಾಡಿಸಿದರು. ಉಜ್ಜಿ ತೆಗೆದರೆ ಕಟ್ಟಿಗೆಯ ಮೂಲ ಮೈ ಹೋಗುತ್ತದೆ, ತೆಗೆಯದಿದ್ದರೆ ಹಳದಿ ಉಳಿಯುತ್ತದೆ. ಕಾಕಾನ ಮುಖ ಸಣ್ಣದಾಯಿತು.

ನಾನು ಎದ್ದು ನಿಂತೆ. ಇಂಗ್ಲಿಷಿನಲ್ಲಿ ವಾದ ಹೂಡಿದೆ. ಸೈನಿಕನೊಬ್ಬ ಚಾಕುವಿನಿಂದ ಹೆಸರು ಕೆತ್ತಿದರೆ ಅದು ಇತಿಹಾಸ, ಬೆಲೆ ಏರುತ್ತದೆ. ನಮ್ಮ ಕಾಕು ಅರಿಶಿನ ಹಚ್ಚಿದರೆ ಮಾತ್ರ ಅದು ಹಾಳೇ? ಯಾವ ದಿನಾಂಕಕ್ಕೆ ಇತಿಹಾಸ ಮುಗಿಯಿತು?

ಡೆನಿಸ್ ಶಾಂತವಾಗಿ ಹೇಳಿದರು, "ಮಗೂ, ಅವನು ಅದನ್ನು ಹೊತ್ತು ನಡೆದಿದ್ದ."

ನಾನು ಕೂತೆ. ತೀರ್ಪುಗಾರರು ಬೇಕಿರಲಿಲ್ಲ.

ಅಷ್ಟರಲ್ಲಿ ಕಾಕು ಚಹಾ ತಂದರು. ಕಂಬಳಿಯ ಮೇಲಿದ್ದ ಇಶಾಪುರದ್ದರ ಮೇಲೆ ಬಗ್ಗಿ, ಬೋಲ್ಟಿನ ಕೆಳಗೆ ಕಟ್ಟಿಗೆಯಲ್ಲಿ ಇಂಗಿದ್ದ ಕಂದುಗೆಂಪು ಕಲೆಯ ಮೇಲೆ ಬೆರಳಿಟ್ಟರು. "ಇದಕ್ಕೂ ಯಾರೋ ಕುಂಕುಮ ಹಚ್ಚ್ಯಾರಲ್ರೀ! ನಮ್ಮ ಹುಡುಗೂರು ಎಲ್ಲಿ ಕೂತು ಪೂಜಿ ಮಾಡಿದ್ವೋ ಏನೋ."

ಅದನ್ನು ಅನುವಾದಿಸುವ ಕೆಲಸ ನನ್ನ ಪಾಲಿಗೆ ಬಂತು. ಸಾಕ್ಷ್ಯವೇನಿದೆ? ಉಕ್ಕಿಗೆ ಬಳಿದ, ತುಕ್ಕು ತಡೆಯುವ ಬಣ್ಣವಿರಬಹುದು. ಹಾಗೆಂದೇ ಡೆನಿಸ್ ಕೂಡ ಇಷ್ಟು ವರ್ಷ ತಿಳಿದಿದ್ದರಂತೆ. ಈಗ ಅವರು ಭೂತಗನ್ನಡಿ ತೆಗೆದು ಆ ಕಲೆಯನ್ನು ನೋಡಿದರು, ಕಾಕುವನ್ನು ನೋಡಿದರು, ಚಹಾ ಆರುವವರೆಗೆ ನೋಡಿದರು. ಆಮೇಲೆ ರೈಫಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಎದ್ದರು.

"ಕ್ಷಮಿಸಿ ಡಾಕ್ಟರ್. ಇನ್ನು ಇದನ್ನು ಕೊಡಲಾರೆ."

ಕಾಕಾ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಬಾಗಿಲವರೆಗೆ ಹೋಗಿ, ಡೆನಿಸ್‌ನ ಕಾರು ತಿರುಗುವವರೆಗೂ ನಿಂತು, ನಗುತ್ತ ಒಳಗೆ ಬಂದರು. "ಪೂಜಿ ಆಗೇದಲ್ಲವಾ ಅದಕ್ಕ" ಎಂದರು. ಆಮೇಲೆ ಅವರು ಯಾವ ಮೇಳಕ್ಕೂ ಹೋಗಲಿಲ್ಲ. ಯುಗಾದಿಗೆ ಕೂಡುವ ಮೈಸೂರಿನವರಿಗೂ ಬೆಂಗಳೂರಿನವರಿಗೂ ಎಲ್ಲೋ ಯುದ್ಧಭೂಮಿಯಲ್ಲಿ ನಡೆದ ಖಂಡೇ ಪೂಜೆಯನ್ನು ಕಣ್ಣಾರೆ ಕಂಡವರಂತೆ ವರ್ಣಿಸತೊಡಗಿದರು. ಹೊಸ ರೈಫಲ್ ಮನೆಗೆ ಬರುವುದು ನಿಂತಿತು. ಕಾಕುಗೆ ಬೇಕಿದ್ದದ್ದೂ ಅದೇ ಅಲ್ಲವೇ? ಆಕೆ ನಿಜಕ್ಕೂ ಕುಂಕುಮ ಕಂಡರೋ, ಒಂದು ವ್ಯವಹಾರವನ್ನು ಒಂದೇ ಬೆರಳಿನಲ್ಲಿ ಕೆಡಿಸಿದರೋ? ಎರಡೂ ಪಕ್ಷಗಳಿಂದ ನಾನು ವಾದಿಸಬಲ್ಲೆ. ವಾದಿಸಿಯೂ ಇದ್ದೇನೆ, ಟ್ಯೂಬ್ ರೈಲಿನಲ್ಲಿ, ಒಬ್ಬಳೇ, ತುಟಿ ಅಲ್ಲಾಡಿಸುತ್ತ. ಯಾವ ಪಕ್ಷವೂ ಗೆದ್ದಿಲ್ಲ.

ಅದಕ್ಕೇ ಅಂಗಡಿಯಿಂದ ಹೊರಬಂದವಳು ಬಲ್ಬು ಮರೆತು ಕಾಕುಗೆ ಫೋನ್ ಮಾಡಿದೆ. "ಕಾಕು, ಅದು ಖರೇನ ಕುಂಕುಮ ಇತ್ತೇನು?"

ಆ ಕಡೆ ಒಗ್ಗರಣೆ ಸಿಡಿಯಿತು. "ನಿನ್ನ ಕಟಗೊಂಡು ಏನ್ ಮಾಡೂದವಾ! ಹೌದಂದ್ರ ನೀ ನಂಬೂದಿಲ್ಲ, ಅಲ್ಲಂದ್ರ ನೀ ಬಿಡೂದಿಲ್ಲ." ಆಮೇಲೆ ದನಿ ತಗ್ಗಿತು. "ನಿಮ್ಮ ಕಾಕಾನ್ನ ಮಾತ್ರ ಕೇಳಬ್ಯಾಡ. ಅವರು ನಂಬ್ಯಾರ."

ಇದು ಹೌದೋ ಅಲ್ಲವೋ? ನಾನಿನ್ನೂ ಅಳೆಯುತ್ತಿರುವಾಗಲೇ ಕಾಕಾ ರಿಸೀವರ್ ಕಸಿದುಕೊಂಡರು. "ಯಾರು, ವಕೀಲರೇನು? ಏನವಾ, ಏನ್ ಕೇಳ್ಲಿಕ್ಕತ್ತಿದ್ದಿ?"

ನಾಲಿಗೆಯ ತುದಿಯಲ್ಲಿ ಪ್ರಶ್ನೆ ಸಿದ್ಧವಾಗಿತ್ತು.

"ಏನಿಲ್ಲ ಕಾಕಾ" ಎಂದೆ. "ಸುಮ್ನ ಮಾಡಿದ್ದೆ."