ಅಟ್ಟದ ಕಾಯಿಯ ಅಧ್ಯಾಯ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತದೆ. ಅರಸೀಕೆರೆಯಲ್ಲಿ ಬೇರೆಯವರ ಕೊಬ್ಬರಿ ಚೀಲ ಹೊತ್ತು, ಕಾಯಿ ಸುಲಿದು, ಕೊನೆಗೆ ಸ್ವಂತ ತಕ್ಕಡಿ ತೂಗುಹಾಕಿದವನು ನಾನು. ಕೊಡುವವನಿಗೆ ಏನು ಸಿಗುತ್ತದೆ ಎಂದು ಗೊತ್ತಾಗುವವರೆಗೆ ಯಾವುದನ್ನೂ ಈಸಿಕೊಳ್ಳಬೇಡಿ. ಇದು ನನ್ನ ಅನುಭವದ ಮಾತು, ಬೇಕಾದವರು ಇಟ್ಟುಕೊಳ್ಳಿ.

ಆದ್ದರಿಂದಲೇ ಬೇಲೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನನ್ನ ತಮ್ಮನ ಮಗಳು ಕಾಗದವೊಂದನ್ನು ನನ್ನ ಕಡೆ ಸರಿಸಿದಾಗ ನಾನು ಪೆನ್ನು ಮುಟ್ಟಲಿಲ್ಲ. ಅವಳು ಬೇಲೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿ ಮುಗಿಸಿದ್ದಳು. ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ ಒಳಗೆ ಒಣಗಿದೆಯೋ ಇಲ್ಲವೋ ಎಂಬುದನ್ನು ನಮ್ಮ ಕಡೆಯ ಜನ ಅಲ್ಲಾಡಿಸಿ, ಸದ್ದು ಕೇಳಿ ಹೇಗೆ ಹೇಳುತ್ತಾರೆ ಎನ್ನುವುದು ಅವಳ ವಿಷಯ. ಆ ಥೀಸಿಸ್ಸಿನಲ್ಲಿ ಒಂದು ಇಡೀ ಅಧ್ಯಾಯ ನನ್ನ ಕಿವಿಯದು. ಅದಕ್ಕಾಗಿ ಅವಳು ನಮ್ಮ ಮನೆಯ ಹೆಂಚಿನ ಅಟ್ಟದಲ್ಲಿ ಕೂತು, ನಾನು ಒಂದೊಂದೇ ಕಾಯಿ ಅಲ್ಲಾಡಿಸಿ ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಆಗ ಹೆಮ್ಮೆಯಿಂದ ಹೇಳಿದ್ದೆ. ಅದು ಲೈಬ್ರರಿಯ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ ಎಂದುಕೊಂಡಿದ್ದೆ.

"ಕಪಾಟಲ್ಲ ದೊಡ್ಡಪ್ಪ, ಯೂನಿವರ್ಸಿಟಿಯ ರೆಪಾಸಿಟರಿ. ಡಿಜಿಟಲ್ ಭಂಡಾರ. ಯಾರು ಬೇಕಾದ್ರೂ ಫೋನಲ್ಲೇ ತೆಗೆದು ಓದ್ಬಹುದು, ಪುಕ್ಕಟೆ."

ನನ್ನ ಕೈ ಜೇಬಿನ ಮೇಲೆ ಹೋಯಿತು.

"ಯಾರು ಬೇಕಾದ್ರೂ ಅಂದ್ರೆ?"

"ಯಾರು ಬೇಕಾದ್ರೂ ಅಂದ್ರೆ ಯಾರು ಬೇಕಾದ್ರೂ."

"ಜಾವಗಲ್ಲಿನವರೂ?"

ಅವಳು ನಕ್ಕಳು. "ಜರ್ಮನಿಯವರು ಓದಿದ್ರೆ ಪರವಾಗಿಲ್ಲ, ಜಾವಗಲ್ಲಿನವರು ಓದಬಾರದು ಅಲ್ವಾ?"

ಹೌದು. ಜರ್ಮನಿಯವನು ನನ್ನ ಜೊತೆ ಚೌಕಾಸಿಗೆ ಬರುವುದಿಲ್ಲ. ನಾನು ಜಾವಗಲ್ ಕಡೆಯ ಹಳ್ಳಿಗಳಲ್ಲಿ, ಇನ್ನೂ ಕಾಯಿ ಸುಲಿಸುವ ಮೊದಲೇ ಮನೆಮನೆಗೆ ಹೋಗಿ ಅಟ್ಟವನ್ನೇ, ಅಂದರೆ ಅಟ್ಟದ ಕಾಯನ್ನೆಲ್ಲ ಒಟ್ಟಿಗೇ, ಕೊಳ್ಳುವವನು. ಕಾಯಿ ಒಳಗೆ ಒಣಗಿ ಆಗಿದೆ ಎನ್ನುವುದು ಯಾರಿಗೆ ಮೊದಲು ಗೊತ್ತಾಗುತ್ತದೋ ಬೆಲೆ ಅವನ ಕೈಯಲ್ಲಿ. ಆ ತಿಳಿವಳಿಕೆಯೊಂದೇ ನನ್ನ ಬಂಡವಾಳ. ಅದನ್ನು ಊರವರ ಫೋನಿಗೆಲ್ಲ ಹಂಚಿ ನಾನು ಯಾವ ಮುಖ ಹೊತ್ತುಕೊಂಡು ವ್ಯಾಪಾರಕ್ಕೆ ಹೋಗಲಿ? ಈ ಯೂನಿವರ್ಸಿಟಿಗಾದರೂ ಇದರಲ್ಲಿ ಏನು ಲಾಭ? ಅವಳಿಗೆ ಲಾಭ, ಸರಿ. ನಾಲ್ಕು ಜನ ಓದಿದರೆ, ತಮ್ಮ ಬರಹದಲ್ಲಿ ಉಲ್ಲೇಖಿಸಿದರೆ, ಅವಳ ಕೆಲಸ ಗಟ್ಟಿಯಾಗುತ್ತದೆ. ಯೂನಿವರ್ಸಿಟಿಗೆ? "ಜನರ ದುಡ್ಡಲ್ಲಿ ನಡೆದ ಸಂಶೋಧನೆ, ಜನಕ್ಕೇ ಸಿಗಲಿ ಅಂತ" ಎಂದಳು. ಇಷ್ಟು ಚಂದದ ಉತ್ತರ ಕೇಳಿ ನನ್ನ ಅನುಮಾನ ಇನ್ನೂ ಹೆಚ್ಚಿತು.

ನನ್ನ ಒಪ್ಪಿಗೆಯಿಲ್ಲದೆ ನನ್ನ ಮಾತನ್ನು ಅವಳು ಹಾಕುವಂತಿರಲಿಲ್ಲ. ಚೌಕಾಸಿ ಶುರುವಾಯಿತು. ಅಧ್ಯಾಯವನ್ನೇ ಕಿತ್ತುಹಾಕು ಎಂದೆ. ಕಿತ್ತರೆ ಥೀಸಿಸ್ಸೇ ನಿಲ್ಲುವುದಿಲ್ಲ ಎಂದಳು. ಆಮೇಲೆ ಅವಳೇ ಒಂದು ದಾರಿ ಹೇಳಿದಳು: ಮಿಕ್ಕಿದ್ದು ಈಗಲೇ ತೆರೆದಿರಲಿ, ಆ ಒಂದು ಅಧ್ಯಾಯವನ್ನು ಕೆಲವು ವರ್ಷ ಮುಚ್ಚಿಡಬಹುದು, ಅದಕ್ಕೆ ನಿಯಮದಲ್ಲೇ ಅವಕಾಶವಿದೆ. ನಾನು ಹತ್ತು ವರ್ಷ ಎಂದೆ. ಅವಳು ಒಂದು ಎಂದಳು. ಕಾಫಿ ಮುಗಿಯುವ ಹೊತ್ತಿಗೆ ಎರಡಕ್ಕೆ ನಿಂತಿತು. ಸಹಿ ಹಾಕಿ ಬಸ್ ಹತ್ತಿದವನು ಹಳೇಬೀಡು ದಾಟುವಾಗಲೂ ಒಂದೇ ಯೋಚನೆ ಮಾಡುತ್ತಿದ್ದೆ. ಎರಡಕ್ಕೆ ಇಷ್ಟು ಬೇಗ ಹೇಗೆ ಒಪ್ಪಿದಳು? ಎದುರಿನವರು ಬೇಗ ಒಪ್ಪಿದರೆ ಎಲ್ಲೋ ಒಂದು ಕಿಂಡಿ ಇದೆ ಎಂದೇ ತಿಳಿಯಿರಿ.

ಕಿಂಡಿ ಇತ್ತು. ಆ ಭಂಡಾರದಲ್ಲಿ ಮುಚ್ಚಿದ ಅಧ್ಯಾಯದ ಪಕ್ಕದಲ್ಲೇ ಒಂದು ಗುಂಡಿ: 'ಪ್ರತಿಗಾಗಿ ಕೇಳಿ' ಎಂದು. ಬೇಕಾದವರು ಅದನ್ನು ಒತ್ತಿ ಕಾರಣ ತಿಳಿಸಿದರೆ ಅದು ಥೀಸಿಸ್ ಬರೆದವರಿಗೆ ಹೋಗುತ್ತದೆ; ಕೊಡುವುದು ಬಿಡುವುದು ಅವರಿಗೆ ಸೇರಿದ್ದು.

ಕೆಲವು ವಾರದ ಮೇಲೆ ಅವಳ ಫೋನ್ ಬಂತು. "ದೊಡ್ಡಪ್ಪ, ಒಬ್ರು ಕೇಳಿದಾರೆ. ನಿಮ್ಮನ್ನ ಕೇಳದೆ ಕಳಿಸಲ್ಲ. ಓದ್ತೀನಿ ಕೇಳಿ: ನಮ್ಮ ಅಟ್ಟದಲ್ಲಿ ಕಾಯಿ ಐತೆ. ಯಾವಾಗ ಸುಲಿಸಬೇಕು ಅಂತ ನಮಗೇ ಗೊತ್ತಾಗಬೇಕು."

ಕೇಳಿದವರ ಹೆಸರು, ಊರು ಹೇಳಿದ ಕೂಡಲೇ ಆಸಾಮಿ ಯಾರೆಂದು ನನಗೆ ತಿಳಿಯಿತು. ಜಾವಗಲ್ ಹತ್ತಿರದ ಆ ಹಳ್ಳಿಯಲ್ಲಿ ಗಂಡ ತೀರಿಕೊಂಡ ಮೇಲೆ ತೋಟವನ್ನು ತಾನೇ ನೋಡಿಕೊಳ್ಳುವ ಹೆಣ್ಣುಮಗಳು. ಅವಳ ಅಟ್ಟವನ್ನು ಕೊಳ್ಳುವವನು ನಾನೇ. ಆದರೆ ಇದು ಅವಳ ತಲೆಯಿಂದ ಬಂದ ಯೋಚನೆ ಎಂದು ನಂಬಲು ನಾನು ತಯಾರಿರಲಿಲ್ಲ. ಹಿಂದೆ ಯಾರೋ ವ್ಯಾಪಾರಿ ನಿಂತು ಗುಂಡಿ ಒತ್ತಿಸಿದ್ದಾನೆ ಎಂದುಕೊಂಡೆ. ಕಳಿಸಬೇಡ, ತಡಿ ಎಂದು ಹೇಳಿ ಮಾರನೆಯ ದಿನವೇ ಹೊರಟೆ.

ಆಕೆ ಜಗುಲಿಯಲ್ಲಿ ರಾಗಿ ಕೇರುತ್ತಿದ್ದಳು.

"ಏನ್ ಸಾವ್ಕಾರ್ರೇ, ಹೋದ ವಾರ ಬಂದು ಇನ್ನೂ ಆಗಿಲ್ಲ ಅಂದ್ರಿ. ಇಷ್ಟ್ ಬೇಗ ಆಗೋಯ್ತಾ?"

"ಕಾಯಿ ನೋಡಕ್ಕೆ ಬರ್ಲಿಲ್ಲಮ್ಮ. ಆ ಪುಸ್ತಕ ಕೇಳು ಅಂತ ನಿಂಗೆ ಯಾರು ಹೇಳಿದ್ದು?"

ಮೊರ ನಿಂತಿತು. "ಓಹೋ, ಅಲ್ಲೀಗಂಟ ಸುದ್ದಿ ಹೋಯ್ತಾ? ಯಾರು ಹೇಳ್ಬೇಕು? ಕೊಬ್ಬರಿ ರೇಟು ನೋಡಕ್ಕೆ ಅಂತ ಫೋನ್ ತೆಗೆದ್ರೆ ಅದು ಬಂತು. ಅರಸೀಕೆರೆಯ ಒಬ್ಬ ವ್ಯಾಪಾರಿ ಅಂತ ಬರ್ದಿತ್ತು, ನೀವೇ ಅಂದ್ಕೊಂಡೆ. ಮುಂದೆ ಬೀಗ."

"ಓದಿ ಏನ್ ಮಾಡ್ತೀಯ?"

"ನೋಡಿ, ನೀವು ಬತ್ತೀರಿ, ಅಲ್ಲಾಡಿಸ್ತೀರಿ, ಆಗಿಲ್ಲ ತಾಯಿ ಅಂತೀರಿ. ತಲೆ ಆಡಿಸ್ತೀನಿ. ಇನ್ನೊಂದ್ ಸಲ ಬಂದು ಆಗೈತೆ ಅಂತೀರಿ. ಆಗ್ಲೂ ತಲೆ ಆಡಿಸ್ತೀನಿ. ಕಾಯಿ ನಂದು, ಕಿವಿ ನಿಮ್ದು. ಎಷ್ಟ್ ದಿನ ಸಾವ್ಕಾರ್ರೇ ಹಿಂಗೆ?"

ನಾನು ಯಾವ ಕಾಯಿಗೂ ಸುಳ್ಳು ಹೇಳಿದವನಲ್ಲ. ಆದರೆ ನಾನು ಹೇಳಿದ್ದು ನಿಜವೆಂದು ನೋಡಿಕೊಳ್ಳಲು ಆಕೆಗೆ ಯಾವ ದಾರಿಯೂ ಇರಲಿಲ್ಲವೆಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಆಕೆಯೂ ನನ್ನ ಹಾಗೆಯೇ ಅನುಮಾನದ ಜೀವ. ಒಂದೇ ವ್ಯತ್ಯಾಸ, ಆಕೆಯ ಅನುಮಾನಕ್ಕೆ ಬೀಗ ಹಾಕಿದವನು ನಾನು.

"ಕೊಡಿಸ್ತೀನಿ. ಆದ್ರೆ ಅಕ್ಕಪಕ್ಕದವರಿಗೆ ತೋರಿಸಬಾರ್ದು."

"ಅದ್ ಹೆಂಗಾಯ್ತದೆ? ಓದಿದ್ದು ಬಾಯಿಗೆ ಬಂದೇ ಬತ್ತದೆ."

ಅಲ್ಲಿಂದಲೇ ತಮ್ಮನ ಮಗಳಿಗೆ ಫೋನ್ ಮಾಡಿ ಕಳಿಸು ಎಂದೆ.

ತಿಂಗಳು ಕಳೆದು ಮತ್ತೆ ಹೋದಾಗ ಆಕೆ ಅಟ್ಟದ ಮೇಲೇ ಕಾಯನ್ನು ಎರಡು ರಾಶಿ ಮಾಡಿ ನನಗಾಗಿ ಕಾದಿದ್ದಳು. ಇದು ಆಗಿರೋದು, ಇದು ಆಗಬೇಕಾದ್ದು ಎಂದಳು. ಬೆಲೆಯನ್ನೂ ಮೊದಲು ಆಕೆಯೇ ಹೇಳಿದಳು. ಆಗಿರುವ ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಲೊಟಲೊಟ ಅಂತು. ಕೈ ತಾನಾಗಿಯೇ ಅದನ್ನು ತಿರುಗಿಸಿ ಇನ್ನೊಮ್ಮೆ ಅಲ್ಲಾಡಿಸಿತು, ಮನಸ್ಸು ಒಪ್ಪಲಿಲ್ಲ.

"ಇದು ಆಗಿಲ್ಲಮ್ಮ."

"ಇದೇ ನೋಡಿ ನಿಮ್ಮ ಆಟ! ಲೊಟಲೊಟ ಅಂದ್ರೆ ಆದ ಹಂಗೆ ಅಂತ ನೀವೇ ಹೇಳಿದ್ದು ಅದ್ರಲ್ಲಿ ಐತೆ." ಫೋನ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.

"ಒಡೆದು ನೋಡಣ."

"ಒಡೀರಿ. ಒಣಗಿದ್ರೆ ನಾನ್ ಹೇಳಿದ ಬೆಲೆ."

ಮಚ್ಚಿನಿಂದ ಸುಲಿದು ಕರಟ ಒಡೆದೆ. ಕೊಬ್ಬರಿ ಒಂದು ಮಗ್ಗುಲಲ್ಲಿ ಕರಟದಿಂದ ಬಿಟ್ಟುಕೊಂಡಿತ್ತು, ಇನ್ನೊಂದು ಮಗ್ಗುಲು ಇನ್ನೂ ಹಸಿ. ನಾನು ಗೆದ್ದಿದ್ದೆ. ಆಕೆ ಸೋತ ಮುಖ ಮಾಡಲಿಲ್ಲ.

"ಹಂಗಾದ್ರೆ ಪುಸ್ತಕದಲ್ಲಿರೋದು ಸುಳ್ಳು. ಇಲ್ಲ ನೀವೇ ಬೇಕಂತ ತಪ್ಪು ಹೇಳ್ಕೊಟ್ಟಿದೀರಿ."

ಈ ಮಾತು ಚುಚ್ಚಿತು. ತಲೆ ಎತ್ತಿ ಮೇಲೆ ನೋಡಿದೆ. ಆಕೆಯ ಅಟ್ಟದ ಮೇಲಿರುವುದು ಹೆಂಚಲ್ಲ, ತಗಡಿನ ಶೀಟು. ಶೀಟಿನ ಕಾವಿಗೆ ಕೊಬ್ಬರಿ ಒಂದು ಕಡೆ ಬೇಗ ಕರಟ ಬಿಡುತ್ತದೆ, ಪೂರ್ತಿ ಒಣಗುವ ಮೊದಲೇ ಸದ್ದು ಮಾಡುತ್ತದೆ. ಅಂಥ ಕಾಯನ್ನು ನಾನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಅಲ್ಲಾಡಿಸುತ್ತೇನೆ. ಹಸಿಯಿದ್ದರೆ ಸದ್ದು ಮಂಕಾಗುತ್ತದೆ. ಕೈಯೇ ಮಾಡುವ ಕೆಲಸ ಅದು. ನಮ್ಮ ಹೆಂಚಿನ ಅಟ್ಟದಲ್ಲಿ ಕೂತು ಮಾತಾಡುವಾಗ ಶೀಟಿನ ನೆನಪೇ ಬಂದಿರಲಿಲ್ಲ. ಆಕೆಗೆ ತಿರುಗಿಸಿ ತೋರಿಸಿದೆ. ಆಕೆ ಒಂದೊಂದನ್ನೇ ತಿರುಗಿಸಿ ಕೇಳುತ್ತಾ ಕೂತಳು.

ನಾನು ಅಟ್ಟ ಇಳಿದು ಅಂಗಳಕ್ಕೆ ಬಂದು ಬೇಲೂರಿಗೆ ಫೋನ್ ಮಾಡಿದೆ.

"ಲೇ, ನಿನ್ನ ಭಂಡಾರದಲ್ಲಿರೋದನ್ನ ತಿದ್ದಕ್ಕೆ ಆಗ್ತದಾ?"

"ಹಳೇದು ಹಾಗೇ ಇರುತ್ತೆ ದೊಡ್ಡಪ್ಪ. ಪಕ್ಕದಲ್ಲಿ ತಿದ್ದಿದ್ದು ಸೇರಿಸ್ಬಹುದು. ಯಾಕೆ? ಹೇಗಿದ್ರೂ ಮುಚ್ಚಿದೆಯಲ್ಲ, ಯಾರೂ ನೋಡಲ್ಲ."

ಬೇಕೆಂದೇ ಹೇಳಿದಳು, ಗೊತ್ತು. ಎರಡು ವರ್ಷದ ಮೇಲೆ ಅದು ತೆರೆಯುತ್ತದೆ, ಅಷ್ಟರೊಳಗೆ ಈಕೆಯ ಬಾಯಿಂದ ಅಕ್ಕಪಕ್ಕದವರಿಗೆಲ್ಲ ಹೋಗುತ್ತದೆ. ಶೀಟಿನ ಮನೆಗಳವರು ನಂಬಿ ಹಸಿ ಕಾಯಿ ಸುಲಿಸಿ ಬೂಷ್ಟು ಹಿಡಿಸಿಕೊಳ್ಳುತ್ತಾರೆ. ಅರಸೀಕೆರೆಯ ಒಬ್ಬ ವ್ಯಾಪಾರಿ ಎಂದರೆ ಯಾರೆಂದು ಈ ಕಡೆ ಎಲ್ಲರಿಗೂ ತಿಳಿದೇ ತಿಳಿಯುತ್ತದೆ. ನನ್ನ ಕಿವಿ ಇಟ್ಟುಕೊಂಡು ವ್ಯಾಪಾರ ಮಾಡಿದವನು ನಾನು. ಅದೇ ಕಿವಿಗೆ ಕೆಟ್ಟ ಹೆಸರು ಬಂದ ಮೇಲೆ ಗುಟ್ಟು ಕಟ್ಟಿಕೊಂಡು ಏನು ಮಾಡಲಿ?

"ಶೀಟಿನ ವಿಷಯ ಸೇರಿಸು. ಸೇರಿಸಿ ತೆಗೆದುಬಿಡು ಆ ಬೀಗ."

"ಪೂರ್ತಿ?"

"ಪೂರ್ತಿ. ನನ್ನ ಮನಸ್ಸು ಬದಲಾಗೋದ್ರೊಳಗೆ."

ಒಳಗಿನಿಂದ ಆಕೆ ಕೂಗಿದಳು: "ಶೀಟಿನ ಅಟ್ಟ ಯಾರ್ದು ಅಂತಾನೂ ಬರೀಬೇಕು ಅಂತ ಹೇಳಿ!"

ಹೆಸರು ಬರೆಯುವ ಪದ್ಧತಿ ಇಲ್ಲವಂತೆ. 'ಅರಸೀಕೆರೆಯ ಒಬ್ಬ ವ್ಯಾಪಾರಿ ಮತ್ತು ಜಾವಗಲ್ ಕಡೆಯ ಒಬ್ಬ ಬೆಳೆಗಾರ್ತಿ' ಎಂದು ಹಾಕುತ್ತೇನೆ ಎಂದಳು ತಮ್ಮನ ಮಗಳು. ಅದನ್ನು ಕೂಗಿ ಹೇಳಿದೆ.

"ಬೆಳೆಗಾರ್ತಿ ಮೊದ್ಲು" ಎಂದಿತು ಅಟ್ಟ.

ಅದರ ಮೇಲೆ ಸಾಕಷ್ಟು ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ಬೆಲೆಯಲ್ಲಿ ಆಕೆ ಸ್ವಲ್ಪ ಇಳಿದಳು, ವಾಕ್ಯದಲ್ಲಿ ನಾನು ಎರಡನೆಯವನಾದೆ. ಆದರೂ ಕಾಯಿ ಲಾರಿಗೆ ತುಂಬುವ ಮುನ್ನ ಆಕೆ ಆರಿಸಿದ ರಾಶಿಯನ್ನು ಇನ್ನೊಂದು ಸಲ ನಾನೇ ಅಲ್ಲಾಡಿಸಿ ನೋಡಿದೆ. ಆಕೆ ಪಕ್ಕದಲ್ಲೇ ನಿಂತು, ನಾನು ಕೆಳಗಿಟ್ಟ ಪ್ರತಿ ಕಾಯನ್ನೂ ಎತ್ತಿ ತಾನೂ ಅಲ್ಲಾಡಿಸಿದಳು.