ತಾರಸಿಯ ಮೇಲೆ ಅಂಡಮಾನ್ ಕಡಲು

ಅಂಡಮಾನ್ ಕಡಲಿನ ತಳದಲ್ಲಿರುವ ಜ್ವಾಲಾಮುಖಿಗಳ ಬಗ್ಗೆ ನಾನು ಸಂಶೋಧನೆ ಮಾಡುತ್ತೇನೆ. ಹರವೆಯಲ್ಲಿರುವ ದೊಡ್ಡಪ್ಪ ಊರವರಿಗೆಲ್ಲ "ನಮ್ ಉಡ್ಗಿಗೆ ಅಡಗಲ್ಲಿ ಕೆಲ್ಸ" ಎಂದಷ್ಟೇ ಹೇಳಿದ್ದರು; ಹಡಗೆಂದರೆ ಊರವರಿಗೆ ಮೀನು ಹಿಡಿಯುವುದೇ. ಹಾಗಾಗಿ ಹೋದ ಬೇಸಿಗೆಯಲ್ಲಿ ನಾನು ಬಸ್ಸಿಳಿದ ಕೂಡಲೇ ಟೀ ಅಂಗಡಿಯವನು, "ಒಣ್‌ಮೀನ್ ತಂದಿದ್ದೀಯಾ ಕಣಮ್ಮಿ?" ಎಂದ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ತಾರಸಿಯಲ್ಲಿ ಹಳೇ ಜಾರ್ಜೆಟ್ ಸೀರೆ ಹಾಸಿ, ಅಕ್ಕಿ ಸಂಡಿಗೆ ಇಟ್ಟು, ಕಾಗೆ ಕಾಯಲು ನನ್ನನ್ನೂ ದೊಡ್ಡಪ್ಪನನ್ನೂ ಕೂರಿಸಿ ಕೆಳಗೆ ಹೋದರು. ದೊಡ್ಡಪ್ಪ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಸುಮ್ಮನೆ ಕೂತು ಅಭ್ಯಾಸವಿಲ್ಲ.

"ಅಲ್ಲ ಕಣಮ್ಮಿ, ನೀರೊಳ್ಗೆ ಬೆಂಕಿ ಎಂಗ್ ಉರೀತದೆ?"

"ಬೆಂಕಿ ಅಲ್ಲ ದೊಡ್ಡಪ್ಪ, ಕರಗಿದ ಕಲ್ಲು."

ಅಲ್ಲಿ ಭೂಮಿಯ ಹೊರಚಿಪ್ಪಿನ ಒಂದು ಭಾರಿ ಹಾಸು ಇನ್ನೊಂದರ ಅಡಿಗೆ ಮುಳುಗುತ್ತದೆ, ಆಗ ಮೇಲಿನದು ಹಿಗ್ಗುತ್ತದೆ ಎಂದು ವಿವರಿಸಿದೆ. ದೊಡ್ಡಪ್ಪ ಒಪ್ಪಲಿಲ್ಲ.

"ಒಂದುಕ್ಕೊಂದು ಗುದ್ದುದ್ರೆ ಮೇಲ್ಗಡೇದು ಕುಗ್ಗಬೇಕು. ಇಗ್ಗದು ಎಂಗೆ?"

ಮುಳುಗುವ ಹಾಸು ತನ್ನ ಭಾರಕ್ಕೇ ಜೋತುಬಿದ್ದು ಹಿಂದೆ ಹಿಂದೆ ಸರಿಯುತ್ತದೆ. ಮೇಲಿನದರ ಅಂಚೂ ಅದರ ಬೆನ್ನಿಗೇ ಹೋಗುತ್ತದೆ. ಹಾಗೆ ಎಳೆದಾಗ ಮೈ ತೆಳುವಾಗಿ ಬಿರಿಯುತ್ತದೆ. ಬಿರುಕಿನಲ್ಲಿ ಕರಗಿದ ಕಲ್ಲು ಉಕ್ಕಿ ಬರುವುದರಿಂದ ಅಲ್ಲಿನ ಎಷ್ಟೋ ಬೆಟ್ಟಗಳು ಗುಂಡಗಿರದೆ ಉದ್ದುದ್ದ, ಸಾಲುಸಾಲು ಎಂದೆ.

"ಬಾಯಲ್ಲೇಳುದ್ರೆ ಆಗದಾ? ತೋರ್ಸು."

ಅಷ್ಟರಲ್ಲಿ ಬಿಸಿಲೇರಿತ್ತು. ಸಂಡಿಗೆಯ ಮೇಲೆ ಒಣ ಪದರ ಕಟ್ಟಿ ಒಳಗೆ ಇನ್ನೂ ಹಸಿ ಇತ್ತು. ಇದಕ್ಕಿಂತ ಒಳ್ಳೆಯ ಕಡಲತಳ ನನಗೆ ಯಾವ ಪ್ರಯೋಗಾಲಯದಲ್ಲೂ ಸಿಕ್ಕಿರಲಿಲ್ಲ. ಸೀರೆಯ ಒಂದು ತುದಿ ನಾನು ಹಿಡಿದೆ, ಇನ್ನೊಂದು ದೊಡ್ಡಪ್ಪ ಹಿಡಿದರು.

"ಮೆಲ್ಲಗೆ," ಎಂದೆ.

"ರೈಟ್!" ಎಂದು ದೊಡ್ಡಪ್ಪ ಜಗ್ಗಿದರು.

ಸಂಡಿಗೆಗಳ ಮೈ ಅಡ್ಡಡ್ಡ ಬಿರಿದು, ಒಳಗಿನ ಹಸಿ ಹಿಟ್ಟು ಗೆರೆಗೆರೆಯಾಗಿ ಹೊರಬಂತು. ಎಲ್ಲಾ ಬಿರುಕೂ ಒಂದೇ ದಿಕ್ಕಿಗೆ! ನಾನು ಕುಣಿದಾಡಿ ಫೋಟೊ ತೆಗೆದೆ.

"ಅಯ್ಯೋ, ಕಕ್‌ಬುಡ್ತು ಕಣಮ್ಮಿ! ಇನ್ನೊಂದ್ ಕಿತ ಎಳ್ಯನ!"

ಎಳೆದೆವು. ಸೀರೆ ನಡುವೆಯೇ ಪರ್ರೆಂದು ಹರಿಯಿತು. ಅರ್ಧ ಸಂಡಿಗೆ ನನ್ನ ಮೇಲೆ, ಅರ್ಧ ದೊಡ್ಡಪ್ಪನ ಪಂಚೆ ಮೇಲೆ. ನೀರಿನ ಟ್ಯಾಂಕಿನ ಮೇಲೆ ಕಾದಿದ್ದ ಕಾಗೆಗಳು ಒಟ್ಟಿಗೇ ಇಳಿದವು. ಗದ್ದಲ ಕೇಳಿ ದೊಡ್ಡಮ್ಮ ಬಂದರು.

"ಏನ್ ಮಾಡ್ಬುಟ್ರಿ ಇಬ್ರೂವೆ?"

"ನಾವೇನೂ ಮಾಡ್ನಿಲ್ಲ ಕಣ," ಎಂದರು ದೊಡ್ಡಪ್ಪ ಗಂಭೀರವಾಗಿ. "ಕೆಳ್ಗಡೇದು ಮುಳುಗ್ದಾಗ ಮೇಲ್ಗಡೇದು ಇಂಗೇ ಆಗದು."

"ಮುಳುಗ್ಸದು ಆಮೇಲೆ. ಮೊದ್ಲು ಓಗಿ ಅಕ್ಕಿ ನೆನೆಹಾಕಿ."

ಮಾರನೆ ದಿನ ಆ ಅಕ್ಕಿ ರುಬ್ಬಿ, ಒಲೆಯ ಮೇಲಿಟ್ಟ ಹಿಟ್ಟನ್ನು ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯಿತು. ಈ ಸಲ ದೊಡ್ಡಮ್ಮ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಲೆಗೊಂದು ಕಲ್ಲು ಹೇರಿ, ದೊಡ್ಡಪ್ಪನನ್ನು ಮೇಲೆ ಕಾವಲಿಗೆ ಬಿಟ್ಟು, ನನ್ನನ್ನು ಅಡುಗೆಮನೆಯಲ್ಲಿ ಈರುಳ್ಳಿ ಬಿಡಿಸಲು ಕೂರಿಸಿದರು. ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗು ಬಂತು:

"ಅಮ್ಮೀ, ಆ ಬಿರುಕು ಮತ್ತೆ ಮುಚ್ಕತದಾ?"

ಕರಗಿದ ಕಲ್ಲು ಆರಿ ಮುಚ್ಚುತ್ತದೆ, ಮತ್ತೆ ಎಳೆದಾಗ ಬಿಟ್ಟುಕೊಳ್ಳುತ್ತದೆ ಎನ್ನಲು ಹೊರಟೆ. ದೊಡ್ಡಮ್ಮ ಸೌಟು ಎತ್ತಿ ತಾವೇ ಉತ್ತರ ಕೊಟ್ಟರು:

"ನೀವ್ ಬಾಯ್ ಮುಚ್ಕಂಡ್ರೆ ಎಲ್ಲಾ ಮುಚ್ಕತದೆ!"