ಮೊದಲು ನೀರು, ಆಮೇಲೆ ಕತ್ತರಿ

ಕೊಪ್ಪದಲ್ಲಿ ಬಸ್ಸಿಳಿಯಲು ಎದ್ದು ನಿಂತದ್ದೇ ತಡ, ಹಿಂದಿನ ಸೀಟಿನವರು ಕೂಗಿದರು: “ಅಯ್ಯೋ ಮಾರಾಯ್ರೆ, ನಿಮಗೆ ಇಂಬಳ ಕಚ್ಚಿದೆ!”

ನನ್ನ ಬಿಳಿ ಪಂಚೆಯ ಹಿಂಭಾಗ ಕೆಂಪಾಗಿತ್ತು. ಶ್ರಾವಣದ ಮಳೆ ಬೇರೆ, ಜಿಗಣೆಗಳ ಕಾಲ; ಯಾರಿಗೂ ಅನುಮಾನ ಬರಲಿಲ್ಲ. ಒಬ್ಬರು ಸುಣ್ಣದ ಡಬ್ಬಿ ತೆಗೆದರು, ಇನ್ನೊಬ್ಬರು ನಶ್ಯ ಚಾಚಿದರು. ಕಂಡಕ್ಟರು “ಪಂಚೆ ಕೊಡವಿ ಸಾರ್” ಎಂದ. ತುಂಬಿದ ಬಸ್ಸಿನಲ್ಲಿ ಐವತ್ತು ದಾಟಿದ ಗಂಡಸು ಎಷ್ಟು ಕೊಡವಬಹುದೋ ಅಷ್ಟು ಕೊಡವಿದೆ. ಚಿಲ್ಲರೆ ಬಿತ್ತು, ಮರ್ಯಾದೆ ಬಿತ್ತು, ಇಂಬಳ ಬೀಳಲಿಲ್ಲ.

ಪಕ್ಕದ ಸೀಟಿನ ಹೆಂಗಸು, ನಾನು ಒದ್ದೆ ಸೀಟಿನ ಮೇಲೆ ಹಾಸಿಕೊಂಡು ಕೂತಿದ್ದ ಹೊಸ ಬಟ್ಟೆಚೀಲವನ್ನೆತ್ತಿ ಹಿಂಡಿದರು. ಕೆಂಪು ನೀರು ಇಳಿಯಿತು.

“ಇಂಬಳ ಎಂತದೂ ಇಲ್ಲ. ನೀರಿಗೇ ಹಾಕದೆ ಹೊಲಿದ ಬಟ್ಟೆ ಇದು. ಹೊಲಿದವರಿಗೆ ಇಂಬಳ ಕಚ್ಚಬೇಕು!”

ಅವರೇ ಕಮ್ಮರಡಿಯ ಸುಮಿತ್ರಮ್ಮ. ಚೀಲ, ದಿಂಬಿನ ಕವರು, ಕೌದಿ ಹೊಲಿಯುವವರು.

ಮುಂದಿನ ಬೇಸಿಗೆಯಲ್ಲಿ ಮಗಳು ನಿಶ್ಚಿತಾಳ ಮದುವೆ ಗೊತ್ತಾಯಿತು. ತಾಂಬೂಲದ ಚೀಲಕ್ಕೆಂದು ಅವಳೇ ಶೃಂಗೇರಿಯಲ್ಲಿ ಆರಿಸಿದ ನೀಲಿ ಬಟ್ಟೆಯನ್ನು ಸುಮಿತ್ರಮ್ಮನಿಗೆ ಒಪ್ಪಿಸಿದೆ. “ಅಪ್ಪಾ, ನಿಮ್ಮ ಪಂಚೆಗೆ ಆದದ್ದು ಕಡಹಿನಬೈಲಿನ ಬೀಗರ ಪಂಚೆಗೆ ಆದ್ರೆ ನನ್ನ ಸಂಸಾರ ಅಲ್ಲಿಗೇ ಮುಗೀತು” ಎಂದಿದ್ದಳು ಮಗಳು.

ಮೊದಲ ಸಲ ಹೋದಾಗ ಬಟ್ಟೆ ಉಪ್ಪುನೀರಿನಲ್ಲಿ ನೆನೆಯುತ್ತಿತ್ತು. ಮತ್ತೆ ಹೋದಾಗ ಹಗ್ಗದ ಮೇಲಿತ್ತು. ಇನ್ನೊಮ್ಮೆ ಹೋದಾಗ ಇಸ್ತ್ರಿಯಾಗಿ ಸುಮಿತ್ರಮ್ಮನ ಮಡಿಲಲ್ಲಿತ್ತು. ಅವರು ಅದನ್ನು ಸವರುತ್ತಿದ್ದರು, ಮೂಸುತ್ತಿದ್ದರು.

“ಮುಟ್ಟಿ ನೋಡಿ. ಕರುವಿನ ಕಿವಿ ಹಾಗಿಲ್ವಾ?”

ನನ್ನ ಅಂಗಿಯ ಬಟ್ಟೆ ಯಾವುದೆಂದೂ ಹೆಂಡತಿಯನ್ನೇ ಕೇಳುವ ನಾನು ಗಂಭೀರವಾಗಿ ಮುಟ್ಟಿ ತಲೆಯಾಡಿಸಿದೆ. “ಕತ್ತರಿ ಯಾವಾಗ?”

“ಇನ್ನೂ ಚೂರು ಬಣ್ಣ ಬಿಡ್ತದೆ. ಮತ್ತೊಂದ್ಸಲ ನೀರಿಗೆ ಹಾಕ್ಬೇಕು.”

ಜಗುಲಿಯಿಂದ ಅವರ ಗಂಡ ವಾಸಪ್ಪ ಕೂಗಿದರು: “ನನ್ನ ಅಂಗಿ ಬಟ್ಟೆಯೂ ಹೀಗೇ ನೀರಿಗೆ ಬಿದ್ದದ್ದು ಸಾರ್, ಮಗಳು ತೊಟ್ಟಿಲಲ್ಲಿ ಇದ್ದಾಗ. ಈಗ ಮೊಮ್ಮಗ ಶಾಲೆಗೆ ಹೋಗ್ತಾನೆ. ಬೀರು ತೆಗೆದು ತೋರ್ಸೇ ಅವ್ರಿಗೆ!”

ಬೀರು ತೆರೆಯಿತು. ಲಾವಂಚದ ಘಮ. ಒಗೆದು, ಇಸ್ತ್ರಿ ಮಾಡಿ, ಮಡಚಿಟ್ಟ ಹೂವಿನ, ಚೌಕುಳಿಯ, ಗೀರಿನ ಬಟ್ಟೆಗಳು ಬಾಗಿಲ ತನಕ. ಒಂದಕ್ಕೂ ಕತ್ತರಿ ತಾಗಿರಲಿಲ್ಲ.

“ಇವೆಲ್ಲ ಎಂತ ಆಗ್ತವೆ?” ಎಂದೆ.

“ಕತ್ತರಿಸಿದ್ರೆ ಚೀಲ ಆಗ್ತವೆ, ಅಷ್ಟೆ” ಎಂದು ಬೇಸರದಲ್ಲಿ ಬಾಗಿಲು ಮುಚ್ಚಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮದುವೆಯ ಹಿಂದಿನ ದಿನ ಚೀಲಗಳು ಆಟೋದಲ್ಲಿ ಬಂದವು. ಹೂವಿನವು, ಚೌಕುಳಿಯವು, ವಾಸಪ್ಪನ ಅಂಗಿಯಾಗಬೇಕಿದ್ದ ಗೀರಿನವು. ನೀಲಿ ಒಂದೂ ಇಲ್ಲ. ನಿಶ್ಚಿತಾ ಒಂದನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ನೀರು ತಿಳಿಯಾಗಿಯೇ ಇಳಿಯಿತು. ಆಮೇಲೆ ಒಣಗಿದ್ದೊಂದನ್ನು ಕೆನ್ನೆಗೆ ಒತ್ತಿಕೊಂಡು, “ಇದು ನನಗೆ” ಎಂದು ಎತ್ತಿಟ್ಟುಕೊಂಡಳು.

ಹರಿಹರಪುರದ ಮದುವೆಮನೆಯಲ್ಲಿ ಬೀಗಿತ್ತಿಯರು “ನಂಗೆ ಹೂವಿಂದು” ಎಂದು ಎಳೆದಾಡಿದರು. ಬೀಗರ ಪಂಚೆಗಳು ಕೊನೆಯವರೆಗೂ ಬೆಳ್ಳಗೇ ಉಳಿದವು.

ಊಟವಾದ ಮೇಲೆ, ಕಾಲಿಟ್ಟರೆ ಅಂಗಾಲು ಸುಡುವ ಅಂಗಳದಲ್ಲಿ ಸುಮಿತ್ರಮ್ಮ ಕೈ ತೊಳೆಯುತ್ತಿದ್ದರು. ಹತ್ತಿರ ಹೋಗಿ ಕೇಳಿದೆ:

“ಅಲ್ಲ ಸುಮಿತ್ರಮ್ಮ, ನಮ್ಮ ನೀಲಿ ಬಟ್ಟೆ ಎಂತ ಆಯ್ತು?”

ಅವರು ಹಣೆಗೆ ಕೈ ಅಡ್ಡ ಹಿಡಿದು ಆ ಉರಿಬಿಸಿಲನ್ನೊಮ್ಮೆ ನೋಡಿದರು.

“ಅದಿನ್ನೂ ಒಣಗ್ಲಿಲ್ಲ ಮಾರಾಯ್ರೆ.”